ಆರಿಸುವ ಮುನ್ನ ಕಲಿಸಬೇಕು

ಎಂಟನೆಯ ತರಗತಿ ನಮ್ಮ ಕಡೆ ಒಂದು ಗಡಿ ಇದ್ದಂತೆ. ಏಳನೆಯವರೆಗೆ ಮಗು ತನ್ನ ಊರ ಶಾಲೆಯಲ್ಲಿ, ತನ್ನ ಓಣಿಯ ಮಕ್ಕಳ ನಡುವೆ ಇರುತ್ತದೆ. ಜೂನ್ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಹೈಸ್ಕೂಲುಗಳ ಅಂಗಳದಲ್ಲಿ ಹೊಸ ಮುಖಗಳು ಕಾಣಿಸುತ್ತವೆ. ಬಸ್ ಪಾಸ್ ಹಿಡಿದು ಹಳ್ಳಿಗಳಿಂದ ಬಂದವರು ಒಂದು ಕಡೆ, ಉರ್ದು ಹಿರಿಯ ಪ್ರಾಥಮಿಕ ಶಾಲೆ ಮುಗಿಸಿ ಮೊದಲ ಬಾರಿಗೆ ಕನ್ನಡ ಮಾಧ್ಯಮಕ್ಕೆ ಕಾಲಿಟ್ಟವರು ಇನ್ನೊಂದು ಕಡೆ. ಈ ಹೊಸಬರನ್ನು ಮೊದಲು ವಿಂಗಡಿಸುವವರು ಯಾರು? ಗಣಿತದ ಮಾಸ್ತರರೆಂದು ನಾವು ತಿಳಿದಿದ್ದೇವೆ. ನಿಜವಾಗಿ ಆ ಕೆಲಸ ಪಿ.ಟಿ. ಮಾಸ್ತರರದು. ಗಣಿತದ ಮೊದಲ ಪರೀಕ್ಷೆಯ ಅಂಕಗಳು ಬರುವ ಮೊದಲೇ ವಲಯ ಮಟ್ಟದ ಕ್ರೀಡಾಕೂಟಕ್ಕೆ ತಂಡ ಸಿದ್ಧವಾಗಬೇಕಿರುತ್ತದೆ.

ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಎತ್ತರ ನೋಡುತ್ತಾರೆ, ಒಂದು ಸಲ ಓಡಿಸುತ್ತಾರೆ. ಅರವತ್ತು ಮಕ್ಕಳಲ್ಲಿ ಹತ್ತು ಹನ್ನೆರಡು ಮಂದಿ ಕಬಡ್ಡಿಗೋ ಖೋಖೋಗೋ ಆಯ್ಕೆಯಾಗುತ್ತಾರೆ. ಉಳಿದವರ ಪಾಲಿಗೆ ಮೈದಾನದ ಕಲ್ಲು ಆರಿಸುವುದು, ಸುಣ್ಣದ ಗೆರೆ ಹಾಕುವುದು, ಚಪ್ಪಾಳೆ ತಟ್ಟುವುದು. ಮುಂದಿನ ಮೂರು ವರ್ಷ ಆ ಪಟ್ಟಿ ಹೆಚ್ಚು ಬದಲಾಗುವುದಿಲ್ಲ. ಇದು ನ್ಯಾಯವೇ ಎಂಬುದು ನನ್ನ ಪ್ರಶ್ನೆ.

ಆಯ್ಕೆಯೇ ತಪ್ಪೆಂದು ನಾನು ಹೇಳಲಾರೆ. ತಂಡವೆಂದ ಮೇಲೆ ಸಮರ್ಥರೇ ಆಡಬೇಕು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಘಾಟಿಗೆ ಕೆಮ್ಮುತ್ತಾ ಮನೆಗೆ ಬರುವ ತಾಯಿಯೊಬ್ಬಳ ಮಗಳಿಗೆ ಚಿಗರೆಯಂತಹ ಕಾಲುಗಳಿದ್ದರೆ, ತಾಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ ಎಂಬ ಆ ಮೆಟ್ಟಿಲುಗಳೇ ಅವಳ ಪಾಲಿನ ಏಕೈಕ ಏಣಿಯಾಗಬಹುದು. ಎಲ್ಲರೂ ಸಮಾನರೆಂದು ಹೇಳಿ ಅವಳಿಗೆ ಸಲ್ಲಬೇಕಾದ ಹೆಚ್ಚಿನ ಗಮನವನ್ನು ಕಸಿದುಕೊಂಡರೆ ಅದೂ ಅನ್ಯಾಯವೇ. ಎರಡೂ ಕಡೆ ಹಕ್ಕುದಾರರಿದ್ದಾರೆ. ಸಮಸ್ಯೆಯ ತೊಡಕು ಇರುವುದೇ ಇಲ್ಲಿ.

ನಮ್ಮ ದೇಶ ಅತ್ಯುತ್ತಮ ತರಬೇತುದಾರರಿಗೆ ಕೊಡುವ ಪ್ರಶಸ್ತಿಗೆ ದ್ರೋಣಾಚಾರ್ಯರ ಹೆಸರಿದೆ. ಕರ್ನಾಟಕ ಸರ್ಕಾರ ಅತ್ಯುತ್ತಮ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಗೆ ಏಕಲವ್ಯನ ಹೆಸರು. ಗುರುವಿನ ಹೆಸರು ದೆಹಲಿಯಲ್ಲಿ, ಹೆಬ್ಬೆರಳು ಕಳೆದುಕೊಂಡವನ ಹೆಸರು ಬೆಂಗಳೂರಿನಲ್ಲಿ! ಈ ವಿಚಿತ್ರವನ್ನು ಯಾರೂ ಯೋಚಿಸಿ ಮಾಡಿರಲಾರರು. ಆದರೂ ಅದು ನಮ್ಮನ್ನು ಯೋಚಿಸುವಂತೆ ಮಾಡಬೇಕು. ದ್ರೋಣರು ಅರ್ಜುನನನ್ನು ಮೆಚ್ಚಿದ್ದು ಅಪರಾಧವಲ್ಲ. ಪ್ರತಿಭೆಯನ್ನು ಮೆಚ್ಚದ ಗುರು ಯಾರಿದ್ದಾರೆ? ಕೇಳಿಕೊಂಡು ಬಂದವನಿಗೆ ಕಲಿಸಲು ಒಪ್ಪದೆ, ಕಲಿಸದ ವಿದ್ಯೆಗೆ ದಕ್ಷಿಣೆ ಪಡೆದದ್ದು ಅವರ ತಪ್ಪು. ನಮ್ಮ ಮೈದಾನಗಳಲ್ಲಿ ಇಂದು ಹೆಬ್ಬೆರಳು ಕೇಳುವವರಿಲ್ಲ. 'ನೀನು ಆಟಕ್ಕಲ್ಲ ಬಿಡು' ಎಂಬ ಒಂದು ಮಾತು ಸಾಕು. ಹದಿಮೂರು ವರ್ಷದ ಮಗು ಅದನ್ನು ತನ್ನ ದೇಹದ ಬಗೆಗಿನ ತೀರ್ಪೆಂದು ನಂಬಿ, ಐವತ್ತರ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆಯ ವೈದ್ಯರು ನಡೆಯಲು ಹೇಳುವವರೆಗೂ ಹೊತ್ತುಕೊಂಡೇ ತಿರುಗುತ್ತದೆ.

ಆ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದ 1985ರಲ್ಲಿ ಅದನ್ನು ಪಡೆದವರಲ್ಲಿ ಪಿ.ಟಿ. ಉಷಾ ಅವರ ಗುರು ಒ.ಎಂ. ನಂಬಿಯಾರ್ ಒಬ್ಬರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೆಯ ಒಂದು ಭಾಗದಿಂದ. ಹುಡುಗಿಯ ನಡಿಗೆಯಲ್ಲೇ ಓಟಗಾರ್ತಿಯನ್ನು ಗುರುತಿಸಿದ ಚಾಣಾಕ್ಷನೆಂದು ನಂಬಿಯಾರರನ್ನು ಹೊಗಳುತ್ತಾರೆ. ಆದರೆ ಗುರುತಿಸಿದ್ದು ಒಂದು ದಿನದ ಮಾತು, ಕಲಿಸಿದ್ದು ವರ್ಷಗಟ್ಟಲೆ. ನಾವು ಆ ಒಂದು ದಿನವನ್ನು ಮಾತ್ರ ಅನುಕರಿಸುತ್ತಿದ್ದೇವೆ.

ಸಹೀಹ್ ಬುಖಾರಿಯಲ್ಲಿ ಕುದುರೆ ಓಟದ ಒಂದು ಪ್ರಸಂಗವಿದೆ. ಪ್ರವಾದಿ ಮುಹಮ್ಮದ್(ಸ)ರು ಮದೀನಾದಲ್ಲಿ ಏರ್ಪಡಿಸಿದ ಆ ಸ್ಪರ್ಧೆಯಲ್ಲಿ ಪಳಗಿಸಿ ಹದಗೊಳಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾವರೆಗೆ, ಅಂದರೆ ಐದಾರು ಮೈಲಿಗಳ ಓಟ. ಹಾಗೆ ತಯಾರಾಗದ ಕುದುರೆಗಳಿಗೆ ಬನೂ ಝುರೈಕ್ ಮಸೀದಿಯವರೆಗೆ ಸುಮಾರು ಒಂದು ಮೈಲಿ. ಸವಾರರಲ್ಲಿ ಅಬ್ದುಲ್ಲಾ ಬಿನ್ ಉಮರ್(ರ) ಕೂಡ ಇದ್ದರು. ತಯಾರಾಗದ ಕುದುರೆಯನ್ನು ಲಾಯದಲ್ಲೇ ಬಿಟ್ಟು ಬನ್ನಿ ಎಂದು ಯಾರಿಗೂ ಹೇಳಲಿಲ್ಲ, ಪಳಗಿದ ಕುದುರೆಯ ಜೊತೆ ಓಡಿಸಿ ನಗೆಪಾಟಲು ಮಾಡಲೂ ಇಲ್ಲ. ಅದಕ್ಕೂ ಒಂದು ಓಟವಿತ್ತು, ಅದರ ಅಳತೆಗೆ ತಕ್ಕ ಗುರಿಯಿತ್ತು. ಪ್ರಾಣಿಗೆ ಸಿಕ್ಕ ಈ ನ್ಯಾಯ ಎಂಟನೆಯ ತರಗತಿಯ ಮಗುವಿಗೆ ಸಿಗಬಾರದೇ?

ಎರಡು ಭಾಷೆಗಳಲ್ಲಿ ಓದಿದವರಿಗೆ ಒಂದು ಪದ ಕುತೂಹಲ ಹುಟ್ಟಿಸುತ್ತದೆ. ಉರ್ದುವಿನಲ್ಲಿ 'ತಾಲೀಮ್' ಎಂದರೆ ಶಿಕ್ಷಣ. ಅದೇ ಪದ ಕನ್ನಡಕ್ಕೆ ಬಂದು 'ತಾಲೀಮು' ಆಗಿ ದೇಹದ ಅಭ್ಯಾಸವಾಯಿತು. ಉಸ್ತಾದ ನಮ್ಮ ಗರಡಿ ಮನೆಗಳಲ್ಲಿ ವಸ್ತಾದನಾದ. ಅವನ ಜಾತಿ, ಧರ್ಮ ಯಾವುದೇ ಇರಲಿ, ಹೆಸರು ಅದೇ. ಗರಡಿಗೆ ಬಂದ ಹುಡುಗರಲ್ಲಿ ಜಾತ್ರೆಯ ಕಣದಲ್ಲಿ ಕುಸ್ತಿ ಹಿಡಿಯುವವರು ಕೆಲವರೇ. ಆದರೆ ಬೈಠಕ್ ಹೊಡೆಯುವುದನ್ನು ವಸ್ತಾದ ಎಲ್ಲರಿಗೂ ಕಲಿಸುತ್ತಿದ್ದ, ಅವರವರ ಶಕ್ತಿ ನೋಡಿ ಲೆಕ್ಕ ಹೇಳುತ್ತಿದ್ದ. ತಾಲೀಮು ಎಲ್ಲರದು, ಕಣ ಕೆಲವರದು. ಹೈಸ್ಕೂಲಿಗೂ ಈ ಸೂತ್ರ ಸಾಕು. ವೇಳಾಪಟ್ಟಿಯಲ್ಲಿರುವ ಆಟದ ಪೀರಿಯಡ್ಡು ಅರವತ್ತೂ ಮಕ್ಕಳ ಹಕ್ಕು, ಮಾಸ್ತರರ ಕೈಯಲ್ಲಿರುವ ಅಮಾನತ್ತು. ತಂಡದ ಅಭ್ಯಾಸಕ್ಕೆ ಬೆಳಗಿನ ಮತ್ತು ಸಂಜೆಯ ಹೊತ್ತಿದೆ. ಆ ಪೀರಿಯಡ್ಡನ್ನು ತಂಡಕ್ಕೆ ಮಾತ್ರ ಕೊಡುವುದಾಗಲಿ, ಹತ್ತನೆಯ ಪರೀಕ್ಷೆಯ ಹೆಸರಿನಲ್ಲಿ ಗಣಿತಕ್ಕೆ ಬಿಟ್ಟುಕೊಡುವುದಾಗಲಿ ಅಮಾನತ್ತಿನ ದುರುಪಯೋಗವೇ ಸರಿ.

ಉರ್ದು ಶಾಲೆಯಿಂದ ಬಂದ ಮಗುವಿಗಂತೂ ಈ ಪೀರಿಯಡ್ಡಿನ ಬೆಲೆ ದೊಡ್ಡದು. ತರಗತಿಯಲ್ಲಿ ಅದು ಒತ್ತಕ್ಷರಕ್ಕೆ ಎಡವುತ್ತದೆ, ಬಾಯಿ ತೆರೆದರೆ ಯಾರಾದರೂ ನಗುತ್ತಾರೆ. ಮೈದಾನದಲ್ಲಿ 'ದಾಹಿನೆ ಮುಡ್' ಎಂಬ ಆಜ್ಞೆ ಕೇಳಿದಾಗ ಥಟ್ಟನೆ ಬಲಕ್ಕೆ ತಿರುಗುವುದು ಆ ಮಗುವೇ, ಅದನ್ನು ನೋಡಿ ಪಕ್ಕದವರೂ ತಿರುಗುತ್ತಾರೆ. ಇಡೀ ದಿನದಲ್ಲಿ ಅದು ಮುಂದಿರುವ ಕ್ಷಣ ಅದೊಂದೇ ಇರಬಹುದು. ಅಲ್ಲಿಂದಲೂ ಅದನ್ನು ಬದಿಗೆ ಕೂರಿಸಿದರೆ ಅದು ಶಾಲೆ ಬಿಟ್ಟು ಗ್ಯಾರೇಜಿನ ದಾರಿ ಹಿಡಿದದ್ದೇಕೆಂದು ಆಮೇಲೆ ಕೇಳುವುದರಲ್ಲಿ ಅರ್ಥವಿಲ್ಲ.

ನಮ್ಮ ಮನೆಗಳ ಕಡೆಗೂ ಬೆರಳು ತೋರಿಸಬೇಕು. ಎಂಟನೆಗೆ ಬಂದ ಹುಡುಗಿಗೆ ಆಟ ಸಾಕೆಂದು ತೀರ್ಮಾನಿಸುವವರು ಬಹಳ ಸಲ ಮಾಸ್ತರರಲ್ಲ, ನಾವು. ಪ್ರವಾದಿ(ಸ)ಯವರು ಪ್ರಯಾಣದ ನಡುವೆ ಹ. ಆಯಿಶಾ(ರ)ರೊಡನೆ ಓಟದ ಪಂದ್ಯ ಕಟ್ಟಿದರು. ಒಮ್ಮೆ ಆಯಿಶಾ ಗೆದ್ದರು, ಮುಂದೊಂದು ಕಾಲದಲ್ಲಿ ಸೋತರು. ಅಬೂದಾವೂದ್‌ನಲ್ಲಿರುವ ಈ ಹದೀಸನ್ನು ಪ್ರವಚನಗಳಲ್ಲಿ ದಾಂಪತ್ಯದ ಸರಸಕ್ಕೆ ಉದಾಹರಣೆಯಾಗಿ ಹೇಳುತ್ತೇವೆ. ಹೆಣ್ಣು ಓಡಬಹುದು, ಗೆಲ್ಲಲೂಬಹುದು ಎಂಬ ಪಾಠವನ್ನು ಮಾತ್ರ ಜಾಣತನದಿಂದ ದಾಟಿಬಿಡುತ್ತೇವೆ. ಮೈ ಮುಚ್ಚುವ ಉಡುಪು, ಕತ್ತಲಾಗುವ ಮೊದಲು ಊರಿಗೊಂದು ಬಸ್ಸು, ಇವು ಮಾತಾಡಿ ಬಗೆಹರಿಸಬಹುದಾದ ಸಂಗತಿಗಳು.

ಇನ್ನು ಶಿಕ್ಷೆಯ ವಿಷಯ. ಶಾಲೆಯ ಶಿಸ್ತಿನ ಬೆತ್ತವನ್ನು ಪಿ.ಟಿ. ಮಾಸ್ತರರ ಕೈಗೆ ಕೊಡುವುದು ಹಳೆಯ ರೂಢಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೂ ತಡವಾಗಿ ಬಂದವನಿಗೆ ಮೈದಾನ ಸುತ್ತು ಹಾಕಿಸುವ ಪದ್ಧತಿ ಪೂರ್ತಿ ಹೋಗಿಲ್ಲ. ಕವಿತೆಯ ಮಾಸ್ತರರು ತಪ್ಪಿಗೆ ದಂಡವಾಗಿ ಕವಿತೆ ಓದಿಸಿದರೆ ಕವಿತೆಯ ಗತಿ ಏನಾದೀತು? ಓಟವನ್ನು ಪ್ರೀತಿಸಲು ಕಲಿಸಬೇಕಾದವರೇ ಅದನ್ನು ದಂಡವಾಗಿ ವಿಧಿಸಿದಾಗ ಓಟಕ್ಕೂ ಅದೇ ಗತಿ.

ಹಾಗೆಂದು ಎಲ್ಲ ಹೊರೆಯನ್ನೂ ಅವರ ತಲೆಗೆ ಕಟ್ಟುವುದು ಸಲ್ಲದು. ಇಡೀ ಶಾಲೆಗೆ ಅವರು ಒಬ್ಬರೇ. ಪ್ರಾರ್ಥನೆಯ ಸಾಲು, ಆಗಸ್ಟ್ ಹದಿನೈದರ ಪರೇಡು, ಚುನಾವಣೆಯ ಕೆಲಸ, ಎಲ್ಲಕ್ಕೂ ಅವರೇ ಬೇಕು. ತಮ್ಮನ್ನೂ ಇತರ ಸಹಶಿಕ್ಷಕರಂತೆ ಕಾಣಬೇಕೆಂಬ ಅವರ ಬೇಡಿಕೆ ಬಹಳ ಹಳೆಯದು. ವರ್ಷದ ಕೊನೆಗೆ ಅವರನ್ನು ನಾವು ಕೇಳುವುದು ಒಂದೇ ಪ್ರಶ್ನೆ: 'ಎಷ್ಟು ಕಪ್ ಬಂತು?' ಕಪಾಟಿನಲ್ಲಿ ಹೊಳೆಯುವುದನ್ನು ಮಾತ್ರ ಲೆಕ್ಕ ಹಾಕುವ ಸಮಾಜಕ್ಕೆ ಅವರು ಹೊಳೆಯುವುದನ್ನೇ ತಂದುಕೊಡುತ್ತಾರೆ. ಪಾಲಕರ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು, ಕಳೆದ ಜೂನ್‌ನಲ್ಲಿ ಓಡಲು ಬಾರದೆ ನಿಂತಿದ್ದ ಮಕ್ಕಳಲ್ಲಿ ಈಗ ಎಷ್ಟು ಮಂದಿ ಓಡುತ್ತಾರೆ ಸರ್ ಎಂದು ಕೇಳಲಿ. ಉತ್ತರ ಹೇಳಬೇಕಾದೀತೆಂಬ ಅರಿವಿದ್ದರೆ ಮುಂದಿನ ಜೂನ್‌ನಲ್ಲಿ ಆ ಮಕ್ಕಳ ಕಡೆಗೂ ಮಾಸ್ತರರ ಕಣ್ಣು ಹರಿಯುತ್ತದೆ.