ಪ್ರಕಾಶಕರ ‘ಆಗದು’

ಪ್ರಕಾಶಕರು ‘ಆಗದು’ ಎಂದರೆ ಅದು ಕೃತಿಯ ಮೇಲಿನ ತೀರ್ಪೋ, ಬರಿಯ ವ್ಯಾಪಾರದ ಲೆಕ್ಕವೋ? ಹಸ್ತಪ್ರತಿ ಹಿಂದಕ್ಕೆ ಬಂದ ದಿನ ಬರೆದವನು ಅದನ್ನು ತೀರ್ಪೆಂದೇ ಓದುತ್ತಾನೆ. ಕಾಗದದಲ್ಲಿ ಇರುವುದು ಸಾಮಾನ್ಯವಾಗಿ ಎರಡೇ ಸಾಲು. ಆ ಎರಡು ಸಾಲಿನ ನಡುವೆ ತನ್ನ ಬಾಳಿನ ಬೆಲೆಯನ್ನೆಲ್ಲ ಹುಡುಕತೊಡಗುತ್ತಾನೆ. ಅಲ್ಲಿ ಅದು ಇರುವುದಿಲ್ಲ.

ಈ ಮಾತು ನನ್ನ ಮನಸ್ಸನ್ನು ಹಿಡಿದದ್ದು ಕಳಸದ ಕಡೆಯ ಒಬ್ಬ ತರುಣಿಯಿಂದ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಕಾಫಿ ತೋಟದ ಲೈನ್ ಮನೆಗಳ ಹೆಂಗಸರ ಬದುಕನ್ನು ಚಿತ್ರಕಥೆಯಾಗಿ ಬರೆದು, ವಾರಕ್ಕೊಂದು ಕಂತಿನಂತೆ ಎರಡು ವರ್ಷ ಅಂತರ್ಜಾಲದಲ್ಲಿ ಹಾಕಿದಳು. ಓದುವವರು ಸಿಕ್ಕಿದರು. ಅದು ಪುಸ್ತಕವಾಗಲೆಂದು ಏಳು ಜನ ಪ್ರಕಾಶಕರಿಗೆ ಬರೆದಳು. ಏಳೂ ಕಡೆಯಿಂದ ‘ಆಗದು’ ಎಂದೇ ಬಂತು. ಬಣ್ಣದ ಅಚ್ಚು ದುಬಾರಿ ಎಂದರು ಕೆಲವರು. ಚಿತ್ರದ ಪುಸ್ತಕ ಮಕ್ಕಳಿಗಾದರೆ ಸರಿ, ದೊಡ್ಡವರು ಕೊಳ್ಳುವುದಿಲ್ಲ ಎಂದರು ಇನ್ನು ಕೆಲವರು. ಎಂಟನೆಯವರು ಒಪ್ಪಿದರು, ಆದರೆ ಎರಡು ಷರತ್ತಿನ ಮೇಲೆ: ಪುಟಗಳು ಅರ್ಧಕ್ಕಿಳಿಯಬೇಕು, ಹೆಂಗಸರ ಮಾತು ಎಲ್ಲರಿಗೂ ತಿಳಿಯುವ ಪುಸ್ತಕದ ಕನ್ನಡವಾಗಬೇಕು. “ಏನು ಮಾಡಲಿ, ಮೇಷ್ಟ್ರೇ?” ಎಂದು ಆಕೆ ಕೇಳಿದಳು.

ಯಾರು ಬೇಕಾದರೂ ಕೈಯ ಫೋನಿನಲ್ಲಿ ಓದಬಹುದಾದ ಕಥೆಗೆ ಪ್ರಕಾಶಕರು ಏಕೆ ಎಂದು ಓದುಗರು ಕೇಳಬಹುದು. ಕಾಗದದ ಪುಸ್ತಕ ಹಳ್ಳಿಯ ಗ್ರಂಥಾಲಯದ ಕಪಾಟಿನಲ್ಲಿ ಕೂರುತ್ತದೆ, ಫೋನಿನ ಸಂಕೇತ ಸಿಗದ ಕಣಿವೆಗೂ ಹೋಗುತ್ತದೆ ಎಂಬುದು ಒಂದು ಉತ್ತರ. ಅದಕ್ಕಿಂತ ಒಳಗಿನ ಉತ್ತರ ಬೇರೆ. ನನ್ನ ಕೃತಿಯನ್ನು ನಾನು ನಂಬುವುದು ಸಹಜ. ಪರಿಚಯವೇ ಇಲ್ಲದ ಇನ್ನೊಬ್ಬರು ಅದನ್ನು ನಂಬಿ ತಮ್ಮ ಹಣ ಹೂಡಿದರೆ, ಆ ನಂಬಿಕೆಗೆ ಬೇರೊಂದು ತೂಕವಿದೆ. ಬರೆಯುವವರು ಹಂಬಲಿಸುವುದು ಅಚ್ಚಿನ ಮಸಿಗಲ್ಲ, ಆ ತೂಕಕ್ಕೆ.

ಹಾಗೆ ಹಂಬಲಿಸುವುದು ತಪ್ಪಲ್ಲ; ಹಕ್ಕೆಂದು ಕೇಳುವುದು ಮಾತ್ರ ತಪ್ಪು. ಇನ್ನೊಬ್ಬರ ಹಣದ ಮೇಲೆ ನಮ್ಮ ಪ್ರತಿಭೆಗೆ ಯಾವ ಅಧಿಕಾರವೂ ಇಲ್ಲ. ಕಾಗದದ ಬೆಲೆ, ಅಂಗಡಿಯವರ ಕಮಿಷನ್, ಗೋದಾಮಿನಲ್ಲಿ ಧೂಳು ಕುಡಿಯುವ ಕಟ್ಟುಗಳು, ಇವನ್ನೆಲ್ಲ ಎಣಿಸಿ ‘ಆಗದು’ ಎಂದವರು ಪಾಪಿಗಳಲ್ಲ. ಆ ಏಳು ಕಾಗದಗಳ ಮೇಲೆ ಸಿಟ್ಟು ಬೇಡವೆಂದು ನಾನು ಹೇಳಿದೆ. ಬೇಕಾದರೆ ತಾನೇ ಅಚ್ಚು ಹಾಕಿಸುವ ದಾರಿ ಕನ್ನಡದಲ್ಲಿ ಹಳೆಯದು. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರು. ಕುವೆಂಪು ಅವರ ಪುಸ್ತಕಗಳು ಅವರದೇ ಉದಯರವಿ ಪ್ರಕಾಶನದಿಂದ ಬಂದವು. ನಮ್ಮ ಮೂಡಿಗೆರೆಯಲ್ಲೇ ತೋಟ ಮಾಡಿಕೊಂಡಿದ್ದು, 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರ ಕೃತಿಗಳಿಗೆ ‘ಪುಸ್ತಕ ಪ್ರಕಾಶನ’ವಿತ್ತು, ಅದು ಅವರದೇ ಬಳಗದ ಸಂಸ್ಥೆ. ಕುವೆಂಪು ಅವರಿಗಾಗಲಿ ತೇಜಸ್ವಿಯವರಿಗಾಗಲಿ ಬೇರೆ ಪ್ರಕಾಶಕರು ಸಿಗುತ್ತಿರಲಿಲ್ಲವೆಂದಲ್ಲ. ಆದರೆ ಸ್ವಂತ ಪ್ರಕಾಶನವೆಂದರೆ ಪ್ರಕಾಶಕರ ಕಣ್ಣು ತಪ್ಪಿಸಿಕೊಳ್ಳುವುದಲ್ಲ, ಆ ಕಣ್ಣನ್ನು ತಾನೇ ಪಡೆದುಕೊಳ್ಳುವುದು. ‘ಆಗದು’ ಎನ್ನುವವರು ಹೊರಗೆ ಇಲ್ಲದಾಗ ಆ ಮಾತನ್ನು ಒಳಗಿನಿಂದ ಆಡಬೇಕಾಗುತ್ತದೆ.

ಆದ್ದರಿಂದ ಏಳು ‘ಆಗದು’ಗಳಿಗೆ ಉತ್ತರ ಸುಲಭ. ನಿಜವಾದ ಪರೀಕ್ಷೆ ಎಂಟನೆಯವರ ‘ಆಗಬಹುದು’. ಬೇಡವೆಂದವರಿಂದ ಕೃತಿಗೆ ಕೇಡಿಲ್ಲ. ಅದು ಹೇಗಿತ್ತೋ ಹಾಗೆಯೇ ಮನೆಗೆ ಬರುತ್ತದೆ. ಹೀಗಿದ್ದರೆ ಬೇಕು ಎಂದವರ ಮುಂದೆ ಅದು ಬದಲಾಗಬೇಕು. ಎಷ್ಟರವರೆಗೆ ಬದಲಾಗಬಹುದು?

ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ 1893ರಲ್ಲಿ ಕಾಯಿಲೆ ಮಲಗಿದ್ದ ಒಬ್ಬ ಹುಡುಗನಿಗೆ ಚಿತ್ರಸಹಿತ ಕಾಗದ ಬರೆದಳು. ಪೀಟರ್ ಎಂಬ ಮೊಲದ ಕಥೆ. ಅದನ್ನು ಪುಸ್ತಕ ಮಾಡಹೊರಟಾಗ ಹಲವು ಪ್ರಕಾಶಕರು ಬೇಡವೆಂದರು. 1901ರ ಡಿಸೆಂಬರಿನಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿ ಅಚ್ಚು ಹಾಕಿಸಿದಳು. ಮೊದಲು ಬೇಡವೆಂದಿದ್ದ ಫ್ರೆಡರಿಕ್ ವಾರ್ನ್ ಸಂಸ್ಥೆಯೇ 1902ರಲ್ಲಿ ಅದನ್ನು ಪ್ರಕಟಿಸಿತು. ಚಿತ್ರಗಳು ಬಣ್ಣದವಾಗಬೇಕೆಂದರೆ ಆಕೆ ಒಪ್ಪಿದಳು; ಕೆಲವು ಚಿತ್ರಗಳನ್ನು ಕೈಬಿಟ್ಟಳು. ಆದರೆ ಪುಸ್ತಕ ಪುಟ್ಟ ಕೈಗೆ ಹಿಡಿಯುವಷ್ಟು ಚಿಕ್ಕದಾಗಿರಬೇಕು, ಬೆಲೆ ಕಡಿಮೆಯಿರಬೇಕು ಎಂಬುದನ್ನು ಬಿಡಲಿಲ್ಲ. ತನ್ನ ಇಷ್ಟವನ್ನು ಬಿಟ್ಟುಕೊಟ್ಟಳು, ಮಗುವಿನ ಪಾಲನ್ನು ಬಿಟ್ಟುಕೊಡಲಿಲ್ಲ.

ಇದರಲ್ಲಿ ಒಂದು ಅಳತೆಗೋಲು ಇದೆಯೆಂದು ನನಗೆ ತೋರುತ್ತದೆ. ನಮ್ಮ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುತ್ತಾರೆ. ನೆರಳು ಮರದ ಕೊಂಬೆ ಸವರಿ ಕಾಫಿ ಗಿಡಕ್ಕೆ ಬೆಳಕು ಬಿಡುತ್ತಾರೆ. ಬುಡಕ್ಕೆ ಕತ್ತಿ ಹಾಕಿದರೆ ಅದು ಮರಗಸಿಯಲ್ಲ. ಪುಟ ಕಡಿಮೆಯಾಗಲಿ ಎಂಬುದು ಕೊಂಬೆಯ ಮಾತು. ಅದು ಆಕೆಯ ಶ್ರಮ, ಆಕೆಯ ಮಮಕಾರ. ಕೊಡುವುದೂ ಬಿಡುವುದೂ ಆಕೆಗೆ ಸೇರಿದ್ದು. ಮಾತಿನ ಸಂಗತಿ ಹಾಗಲ್ಲ. ಲೈನ್ ಮನೆಗಳಿಗೆ ಘಟ್ಟದ ಕೆಳಗಿನಿಂದ ಬಂದವರಿದ್ದಾರೆ, ತಮಿಳು ಸೀಮೆಯಿಂದ ಬಂದವರಿದ್ದಾರೆ, ಬಯಲುಸೀಮೆಯವರೂ ಇದ್ದಾರೆ. ತುಳು, ತಮಿಳು, ಕನ್ನಡ ಕೂಡಿ ಆದ ಆ ಮಾತನ್ನು ಆಕೆ ಕಟ್ಟಲಿಲ್ಲ, ಕೇಳಿಸಿಕೊಂಡಳು. ಕೇಳಿಸಿಕೊಂಡದ್ದು ಸಾಲ. ಸಾಲ ತಂದದ್ದನ್ನು ನಾವೇ ಮಾರಿಕೊಳ್ಳಬಹುದೆ?

ಪ್ರಕಾಶಕರ ಪಕ್ಷದಲ್ಲೂ ನ್ಯಾಯವಿದೆ. ವಿಜಾಪುರದ ಓದುಗರಿಗೆ ಆ ಮಾತು ತಿಳಿಯದಿದ್ದರೆ ಪುಸ್ತಕವಿದ್ದೇನು ಫಲ? ಆದರೆ ಚಿತ್ರಕಥೆಯಲ್ಲಿ ಮಾತಿನ ಪಕ್ಕದಲ್ಲೇ ಮುಖವಿದೆ, ಎತ್ತಿದ ಕೈಯಿದೆ. ಪದ ಅರ್ಥವಾಗದ ಕಡೆ ಚಿತ್ರ ನೆರವಿಗೆ ಬರುತ್ತದೆ. ಅಷ್ಟಾಗಿಯೂ ತೊಡಕಾದ ಪದಗಳಿಗೆ ಪುಸ್ತಕದ ಕೊನೆಯಲ್ಲಿ ಅರ್ಥ ಕೊಡಬಹುದು. ಓದುಗರಿಗೆ ದಾರಿ ತೋರಿಸುವುದು ಬೇರೆ, ಆಡಿದವರ ಬಾಯಿ ಕಟ್ಟುವುದು ಬೇರೆ.

ಪುಟಗಳನ್ನು ಇಳಿಸು, ಪದಗಳಿಗೆ ಅರ್ಥ ಬರೆದುಕೊಡು, ಮಾತನ್ನು ಮಾತ್ರ ಬದಲಿಸಬೇಡ ಎಂದು ಹೇಳಿದೆ. ಅದಕ್ಕೆ ಆ ಪ್ರಕಾಶಕರೂ ‘ಆಗದು’ ಎಂದರೆ? ಆ ನಷ್ಟ ಆಕೆಯದು, ನನ್ನದಲ್ಲ. ಉಪದೇಶ ಮಾಡುವವನಿಗೆ ಈ ಅನುಕೂಲ ಯಾವಾಗಲೂ ಇರುತ್ತದೆ. ಆಕೆಯ ಮನೆಯಲ್ಲಿ ಹಣವಿಲ್ಲ. ಸ್ವಂತ ಅಚ್ಚೆಂದರೆ ಸಾಲವೇ. ಇದನ್ನೆಲ್ಲ ಬಲ್ಲೆ. ಆದರೂ ಕೇಳಬೇಕಾದ ಪ್ರಶ್ನೆ ಒಂದೇ ಎಂದು ನನ್ನ ನಂಬಿಕೆ: ಅಚ್ಚಾದ ಪುಸ್ತಕವನ್ನು ಲೈನ್ ಮನೆಯ ಜಗಲಿಯ ಮೇಲೆ ಓದಿ ಹೇಳಿದರೆ, “ಇದು ನಾವೇ” ಎಂದು ಆ ಹೆಂಗಸರು ಅಂದಾರೆ? ಅಂದಾರೆಂಬ ಧೈರ್ಯವಿದ್ದರೆ ಒಂಬತ್ತನೆಯ ಪ್ರಕಾಶಕರಿಗೂ ಕಾಗದ ಬರೆಯಬಹುದು.