ಕೇಳಲು ಅಂಜುವ ಪ್ರಶ್ನೆ

ಫಿಲಿಪ್ಪಿ ಪಟ್ಟಣದ ಸೆರೆಮನೆಯ ಪ್ರಸಂಗ ನಮಗೆಲ್ಲ ಪರಿಚಿತವಾದುದೇ. ನಡುರಾತ್ರಿಯ ಭೂಕಂಪಕ್ಕೆ ಬಾಗಿಲುಗಳು ತೆರೆದುಕೊಂಡಾಗ, ಕೈದಿಗಳೆಲ್ಲ ಓಡಿಹೋದರೆಂದು ಭಾವಿಸಿದ ಸೆರೆಮನೆಯ ಅಧಿಕಾರಿ ತನ್ನ ಪ್ರಾಣವನ್ನೇ ತೆಗೆದುಕೊಳ್ಳಲು ಮುಂದಾಗುತ್ತಾನೆ. ಇದನ್ನು ನಾವು ಸಾಮಾನ್ಯವಾಗಿ ಅವನ ಮನಃಪರಿವರ್ತನೆಯ ಕಥೆಯಾಗಿ ಓದುತ್ತೇವೆ. ಆದರೆ ಅದಕ್ಕೂ ಮೊದಲು ಅಲ್ಲಿ ನಡೆದದ್ದು ಒಂದು ಜೀವವನ್ನು ಉಳಿಸುವ ಕಾರ್ಯ. ಸಂತ ಪೌಲರು ಗಟ್ಟಿಯಾಗಿ ಕೂಗಿ ಅವನನ್ನು ತಡೆಯುತ್ತಾರೆ. ಅವನು ಮಾಡಹೊರಟಿದ್ದನ್ನು ಮರೆಮಾಚದೆ ಹೆಸರಿಸುತ್ತಾರೆ. ಯಾರೂ ಓಡಿಹೋಗಿಲ್ಲವೆಂಬ ನಿಜವನ್ನು ತಿಳಿಸುತ್ತಾರೆ. ಬಾಗಿಲು ತೆರೆದಿದ್ದರೂ ಅವರು ಅಲ್ಲೇ ಉಳಿದಿದ್ದರು. ಬೋಧನೆ ಬಂದದ್ದು ಆಮೇಲೆ.

ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ. ಮಗ ಊಟ ನಿದ್ರೆ ಬಿಟ್ಟು ಮಂಕಾಗಿ ಕುಳಿತಾಗ, ಸೊಸೆ "ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ" ಎಂದಾಗ, ಬೋಧನೆಯೇ ಮೊದಲು ಬರುತ್ತದೆ: ಜಪಸರ ಹೇಳು, ಮನಸ್ಸು ಗಟ್ಟಿ ಮಾಡಿಕೋ, ಜನ ಏನೆಂದಾರು? ಪ್ರಶ್ನೆಯಂತೂ ಬರುವುದೇ ಇಲ್ಲ. "ಸಾಯಬೇಕೆಂದು ಅನ್ನಿಸುತ್ತಿದೆಯೇ?" ಎಂದು ಬಾಯಿಬಿಟ್ಟು ಕೇಳುವುದು ಆಪ್ತಸಮಾಲೋಚಕರ ವೃತ್ತಿಗೆ ಸೇರಿದ ವಿಷಯವೆಂದು ತೋರಬಹುದು. ಹತ್ತಿರದವರು ಕೇಳದೆ ಉಳಿಯಬಹುದೇ ಎಂಬುದಾದರೋ ನೀತಿಯ ಪ್ರಶ್ನೆ.

ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾದೀತು ಎಂಬ ಭಯ ಹಲವರಿಗಿದೆ. ಇದು ದುರುದ್ದೇಶದ ಭಯವಲ್ಲ, ಆದರೆ ಆಧಾರವಿಲ್ಲದ್ದು. ನ್ಯೂಯಾರ್ಕ್ ರಾಜ್ಯದ ಪ್ರೌಢಶಾಲೆಗಳ ಎರಡು ಸಾವಿರಕ್ಕೂ ಮಿಕ್ಕಿದ ವಿದ್ಯಾರ್ಥಿಗಳನ್ನು ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನವು, ಈ ಪ್ರಶ್ನೆಯನ್ನು ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಸಾವಿನ ಯೋಚನೆಯಾಗಲಿ ಹೆಚ್ಚಲಿಲ್ಲವೆಂದು ಕಂಡುಕೊಂಡಿತು. ಕೇಳದೆ ಹೋದರೆ ಏನಾಗುತ್ತದೆ ಎಂಬುದನ್ನು ಆಂಗ್ಲಿಕನ್ ಗುರು ಚಾಡ್ ವಾರಾ 1935ರಲ್ಲೇ ಕಂಡರು. ಅವರು ನಡೆಸಿದ ಮೊದಲ ಅಂತ್ಯಕ್ರಿಯೆಗಳಲ್ಲೊಂದು ಹದಿಹರೆಯದ ಬಾಲಕಿಯದು. ಋತುಸ್ರಾವವನ್ನು ಭಯಾನಕ ರೋಗವೆಂದು ತಿಳಿದು ಅವಳು ಪ್ರಾಣ ಕಳೆದುಕೊಂಡಿದ್ದಳು. ಮನಸ್ಸು ಬಿಚ್ಚಿ ಮಾತನಾಡಲು ಅವಳಿಗೆ ಒಬ್ಬರೂ ಇರಲಿಲ್ಲ. 1953ರಲ್ಲಿ ಅವರು ಲಂಡನ್ನಿನ ತಮ್ಮ ದೇವಾಲಯದಲ್ಲಿ ಒಂದು ದೂರವಾಣಿಯನ್ನಿಟ್ಟು ಆರಂಭಿಸಿದ ಸೇವೆಯೇ ಸಮಾರಿಟನ್ಸ್ ಸಂಸ್ಥೆಯಾಗಿ ಬೆಳೆಯಿತು.

ಹೌದು ಎಂಬ ಉತ್ತರ ಬಂದರೆ ಆಪ್ತಸಮಾಲೋಚಕರು ಅಲ್ಲಿಗೆ ನಿಲ್ಲುವುದಿಲ್ಲ. ಯೋಚನೆ ಎಷ್ಟು ಕಾಲದಿಂದ ಇದೆ, ಹೇಗೆ ಯಾವಾಗ ಎಂದು ನಿಶ್ಚಯಿಸಿದ್ದಾರೆಯೇ, ಅದಕ್ಕೆ ಬೇಕಾದುದು ಕೈಗೆಟುಕುವಂತಿದೆಯೇ, ಹಿಂದೆ ಯತ್ನಿಸಿದ್ದರೇ, ಮದ್ಯಪಾನ ಉಂಟೇ, ಇಷ್ಟು ದಿನ ಹಿಡಿದಿಟ್ಟುಕೊಂಡದ್ದು ಏನು ಎಂದೆಲ್ಲ ಸಾವಧಾನವಾಗಿ ವಿಚಾರಿಸುತ್ತಾರೆ. ಆದರೂ ಇದು ಭವಿಷ್ಯ ನುಡಿಯುವ ವಿದ್ಯೆಯಲ್ಲ. ಐವತ್ತು ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಯಾರು ಸಾವಿಗೆ ಶರಣಾಗುತ್ತಾರೆಂದು ಮುಂಗಾಣುವ ನಮ್ಮ ಸಾಮರ್ಥ್ಯ ಊಹೆಗಿಂತ ಅಲ್ಪಸ್ವಲ್ಪವೇ ಮೇಲೆಂದು ತೋರಿಸಿತು. ಹಾಗಿರುವಾಗ "ಇವನು ನಿಜವಾಗಿ ಸಾಯುವವನಲ್ಲ, ಸುಮ್ಮನೆ ಹೆದರಿಸುತ್ತಾನೆ" ಎಂದು ತೀರ್ಪು ಕೊಡುವ ಅಧಿಕಾರ ಮನೆಯವರಿಗೆ ಎಲ್ಲಿಂದ ಬಂತು? ಈ ವಿಚಾರಣೆ ಇರುವುದು ಮುಂದಿನ ಕೆಲವು ದಿನಗಳನ್ನು ಹೇಗೆ ದಾಟಿಸಬೇಕೆಂದು ತಿಳಿಯಲು, ಮನುಷ್ಯನನ್ನು ಅಳೆಯಲು ಅಲ್ಲ.

ಇನ್ನು ಗುಟ್ಟಿನ ವಿಷಯ. "ಯಾರಿಗೂ ಹೇಳುವುದಿಲ್ಲವೆಂದು ಮೊದಲು ಮಾತು ಕೊಡು, ಆಮೇಲೆ ಹೇಳುತ್ತೇನೆ" ಎಂದು ಗೆಳೆಯನೊಬ್ಬ ಕೇಳಿದರೆ ಏನು ಮಾಡಬೇಕು? ವಚನಪಾಲನೆ ದೊಡ್ಡ ಗುಣ. ವಚನಕ್ಕಾಗಿ ಹುಲಿಯ ಬಳಿಗೆ ಮರಳಿದ ಗೋವಿನ ಕಥೆಯನ್ನು ಕೇಳಿಯೇ ಬೆಳೆದವರು ನಾವು. ಆದರೆ ಆ ಗೋವು ಪಣಕ್ಕಿಟ್ಟದ್ದು ತನ್ನ ಪ್ರಾಣವನ್ನು. ಇಲ್ಲಿ ನಾವು ಪಣಕ್ಕಿಡುವುದು ಇನ್ನೊಬ್ಬನ ಪ್ರಾಣವನ್ನು. ಆದ್ದರಿಂದ ಅಂಥ ಮಾತನ್ನು ಕೊಡದಿರುವುದೇ ಪ್ರಾಮಾಣಿಕತೆ. "ಜೀವಕ್ಕೆ ಅಪಾಯವಿದೆಯೆಂದು ಕಂಡರೆ ನಾನು ಸುಮ್ಮನಿರಲಾರೆ, ಆದರೆ ಯಾರಿಗೆ ಹೇಳಬೇಕೆಂಬುದನ್ನು ನಾವಿಬ್ಬರೂ ಸೇರಿ ತೀರ್ಮಾನಿಸೋಣ" ಎಂದು ಮೊದಲೇ ತಿಳಿಸಬಹುದು. ಒಳ್ಳೆಯ ಸಮಾಲೋಚಕರು ಮೊದಲ ಭೇಟಿಯಲ್ಲೇ ಈ ಮಿತಿಯನ್ನು ಹೇಳಿಬಿಡುತ್ತಾರೆ. ಪಾಪನಿವೇದನೆಯ ಮುದ್ರೆ ಮಾತ್ರ ಬೇರೆ. ಅದನ್ನು ಯಾವ ಕಾರಣಕ್ಕೂ ಮುರಿಯುವಂತಿಲ್ಲ. ಅಲ್ಲಿ ಇದನ್ನು ಕೇಳಿಸಿಕೊಂಡ ಗುರುಗಳು, ಹೊರಗೆ ಬಂದು ಅದನ್ನೇ ಮತ್ತೆ ಹೇಳುವಂತೆ, ಸಹಾಯ ಪಡೆಯುವಂತೆ ಆ ವ್ಯಕ್ತಿಯನ್ನೇ ಒಲಿಸಬೇಕಾಗುತ್ತದೆ.

ಗುಟ್ಟು ಮಾಡುವುದರ ಹಿಂದೆ ಮನೆತನದ ಮರ್ಯಾದೆಯೂ ಇದೆ, ಕಾನೂನಿನ ಹೆದರಿಕೆಯೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಹೀಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ವಿಧಿ ಉಳಿದಿಲ್ಲ. ಧರ್ಮಸಭೆಯೂ ಬದಲಾಗಿದೆ. ಇಂಥವರಿಗೆ ಧಾರ್ಮಿಕ ಅಂತ್ಯಕ್ರಿಯೆಯನ್ನು ನಿರಾಕರಿಸಿದ್ದ 1917ರ ಧರ್ಮಸಭಾ ಕಾನೂನಿನ ನಿಯಮ 1983ರ ಸಂಹಿತೆಯಲ್ಲಿಲ್ಲ. 1992ರ ಧರ್ಮೋಪದೇಶ ಗ್ರಂಥವು ಇದನ್ನು ಘೋರ ತಪ್ಪೆಂದೇ ಕರೆದರೂ, ತೀವ್ರ ಮನೋವೇದನೆಯು ಹೊಣೆಯನ್ನು ಕುಂದಿಸಬಹುದೆಂದು, ಅಗಲಿದವರ ರಕ್ಷಣೆಯ ಬಗ್ಗೆ ನಿರಾಶೆ ಕೂಡದೆಂದು ಬೋಧಿಸುತ್ತದೆ. ಆದರೂ ನಮ್ಮ ಪಿಸುಮಾತುಗಳು ಇನ್ನೂ 1917ರಲ್ಲೇ ಇವೆ.

ತಡೆದರೆ ಮತ್ತೊಂದು ದಿನ ಮಾಡಿಯೇ ತೀರುತ್ತಾರೆ ಎನ್ನುವವರಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯಲ್ಲಿ 1937ರಿಂದ 1971ರವರೆಗೆ ತಡೆಯಲ್ಪಟ್ಟ 515 ಮಂದಿಯನ್ನು ರಿಚರ್ಡ್ ಸೈಡನ್ ಎಂಬ ವಿದ್ವಾಂಸರು ಹುಡುಕಿ ನೋಡಿದರು. 1978ರ ಅವರ ವರದಿಯಂತೆ, ಶೇಕಡಾ ತೊಂಬತ್ತಕ್ಕೂ ಹೆಚ್ಚು ಮಂದಿ ಇನ್ನೂ ಬದುಕಿದ್ದರು, ಇಲ್ಲವೆ ಸಹಜವಾಗಿ ಮೃತರಾಗಿದ್ದರು. ಸಂಕಟದ ಉತ್ತುಂಗ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಹೊತ್ತನ್ನು ದಾಟಿಸಲು ಸಮಾಲೋಚಕರು ನೊಂದವರೊಡನೆ ಕುಳಿತು, ಅವರದೇ ಮಾತಿನಲ್ಲಿ ಒಂದು ಹಾಳೆಯನ್ನು ಬರೆಸುತ್ತಾರೆ: ಅಪಾಯ ಹತ್ತಿರವಾಗುವಾಗ ತನಗೆ ಕಾಣುವ ಸೂಚನೆಗಳು, ಆಗ ಒಬ್ಬನೇ ಮಾಡಬಹುದಾದದ್ದು, ಹೋಗಿ ಕೂರಬಹುದಾದ ಮನೆ, ಕರೆಯಬಹುದಾದವರ ಹೆಸರು, ವೈದ್ಯರ ದೂರವಾಣಿ. ಹೊಲದ ಔಷಧಿಯನ್ನು ಬೀಗಹಾಕಿ ಬೇರೆಯವರ ವಶಕ್ಕೆ ಕೊಡುವುದೂ ಅದರಲ್ಲಿ ಸೇರುತ್ತದೆ. ಅಪಾಯ ಕಣ್ಣೆದುರಿಗೇ ಇದ್ದರೆ ಹಾಳೆ ಸಾಲದು. ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416, ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಮನೆಯವರೂ ಕರೆಮಾಡಿ ಸಲಹೆ ಕೇಳಬಹುದು. ಆಸ್ಪತ್ರೆಯಿಂದ ಮರಳಿದ ನಂತರದ ಮೊದಲ ವಾರಗಳು ಬಹಳ ಅಪಾಯದವು. ಸಂದರ್ಶಕರು ಅಷ್ಟರಲ್ಲಿ ಬಂದುಹೋಗಿರುತ್ತಾರೆ. ಕಿರು ಕ್ರೈಸ್ತ ಸಮುದಾಯದ ಯಾರಾದರೂ ವಾರಕ್ಕೆರಡು ಬಾರಿ ಹೋಗಿ, ಬೋಧನೆ ಮಾಡದೆ, ಕಾಫಿ ಕುಡಿದು ಬರುವುದಾದರೆ ಆ ವಾರಗಳಲ್ಲಿ ಹೋಗಿಬರಲಿ.