ಮನೆ ಬಿಡುವುದೇ ಬೆಳೆಯುವುದೇ?



ಸಂಜೆಯ ಹೊತ್ತು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಸ್ವಲ್ಪ ನಿಂತು ನೋಡಿ. ಪುಣೆಗೋ ಹೈದರಾಬಾದಿಗೋ ಕೆಲಸಕ್ಕೆ ಹೊರಟ ಮಗನ ಕೈಗೆ ತಾಯಿ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಕೊಡುತ್ತಾಳೆ. ತಂದೆ ಮಾತಿಲ್ಲದೆ ಚೀಲ ಹಿಡಿದು ನಿಂತಿರುತ್ತಾನೆ. ಮಕ್ಕಳು ಬೆಳೆಯಲೆಂದು ದೇವರನ್ನು ಬೇಡಿಕೊಂಡವರೇ, ಅವರು ಬೆಳೆದು ಹೊರಟಾಗ ಕಣ್ಣೀರಿಡುವುದೇಕೆ?

ಈ ದೃಶ್ಯ ಕಂಡಾಗಲೆಲ್ಲ ನನಗೆ ಕುವೆಂಪು ಅವರ ‘ಅನಿಕೇತನ’ ಗೀತೆ ನೆನಪಾಗುತ್ತದೆ. ನಿಕೇತನವೆಂದರೆ ಮನೆ. ಅನಿಕೇತನನೆಂದರೆ ಯಾವ ಮನೆಯ ಗೋಡೆಗೂ ಸಿಕ್ಕಿಬೀಳದವನು. ಹುಟ್ಟುವ ಪ್ರತಿಯೊಂದು ಮಗುವೂ ವಿಶ್ವಮಾನವ; ಜಾತಿ, ಮತಗಳ ಗೋಡೆ ಕಟ್ಟಿ ಅದನ್ನು ಕುಗ್ಗಿಸುವವರು ನಾವು ಎಂಬುದು ಅವರ ಚಿಂತನೆ.

ಸೆಮಿನರಿಯ ದಿನಗಳಲ್ಲಿ ಈ ಹಾಡು ನನಗೆ ಮನೆ ಬಿಡಲು ದೊರೆತ ಅಪ್ಪಣೆಯಂತೆ ಕೇಳಿಸಿತ್ತು. ಐವತ್ತು ದಾಟಿದ ಮೇಲೆ ಅದೇ ಹಾಡು, ‘ನೀನು ಎಷ್ಟು ಗೋಡೆಗಳನ್ನು ಕಟ್ಟಿಕೊಂಡೆ?’ ಎಂದು ಕೇಳುತ್ತಿದೆ. 1970ರಲ್ಲಿ ಕ್ಯಾಟ್ ಸ್ಟೀವನ್ಸ್ ಎಂಬ ಇಂಗ್ಲೆಂಡಿನ ಗಾಯಕ ‘ಫಾದರ್ ಅಂಡ್ ಸನ್’ ಎಂಬ ಗೀತೆಯಲ್ಲಿ ತಂದೆಯ ಮಾತನ್ನೂ ಮಗನ ಮಾತನ್ನೂ ತಾನೊಬ್ಬನೇ ಎರಡು ದನಿಗಳಲ್ಲಿ ಹಾಡಿದ. ಇಪ್ಪತ್ತರ ಹರೆಯದಲ್ಲಿ ಮಗನ ಪಕ್ಷ ವಹಿಸಿದವನು ಐವತ್ತರಲ್ಲಿ ತಂದೆಯ ಪಕ್ಕದಲ್ಲಿ ನಿಂತಿರುತ್ತಾನೆ. ನಮ್ಮ ವಯಸ್ಸಿನೊಡನೆ ಅರ್ಥವೂ ಬೆಳೆಯುವುದರಿಂದಲೇ ಇಂತಹ ಹಾಡುಗಳು ಹಳತಾಗುವುದಿಲ್ಲ.

ಹಾಗಾದರೆ ಮನೆ ತೊರೆದವರೆಲ್ಲ ಬೆಳೆದವರೇ? ದೂರದ ನಗರ ಸೇರಿ, ತನ್ನ ಜಾತಿಯವರಿಗೆ ಮಾತ್ರ ಕೋಣೆಯನ್ನು ಬಾಡಿಗೆಗೆ ಕೊಡುವವನು ಮನೆಯ ಹೊಸ್ತಿಲನ್ನೇ ದಾಟಿಲ್ಲ. ಊರು ಬಿಟ್ಟು ಎಲ್ಲೂ ಹೋಗದೆ, ಹಸಿದು ಬಂದ ಅಪರಿಚಿತನಿಗೆ ಒಲೆಯ ಬಳಿ ಮಣೆ ಹಾಕುವ ಅಜ್ಜಿ ಎಂದೋ ದಾಟಿದ್ದಾಳೆ.

ನಮ್ಮ ನೆಲದಲ್ಲೇ ಇದಕ್ಕೆ ಸಾಕ್ಷಿಯಿದೆ. ಬಾಲಕ ಬಸವಣ್ಣ ಉಪನಯನವನ್ನು ಒಲ್ಲೆನೆಂದು ಮನೆ ತೊರೆದು ಕೂಡಲಸಂಗಮಕ್ಕೆ ಹೋದನೆಂದು ಪರಂಪರೆ ಹೇಳುತ್ತದೆ. ಮುಂದೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಎಲ್ಲ ಕಾಯಕದವರಿಗೂ ಬಾಗಿಲು ತೆರೆದ ಅವರ ಮನೆಗೆ ‘ಮಹಾಮನೆ’ ಎಂದೇ ಹೆಸರಾಯಿತು. ಅವರು ತೊರೆದದ್ದು ಮನೆಯ ಇಕ್ಕಟ್ಟನ್ನು, ಮನೆತನವನ್ನಲ್ಲ. ಅನಿಕೇತನವನ್ನು ಬರೆದ ಕುವೆಂಪು ಅವರೂ 1994ರಲ್ಲಿ ತಮ್ಮ ಬಾಲ್ಯದ ಕುಪ್ಪಳಿಯ ಕವಿಶೈಲದಲ್ಲೇ ಕೊನೆಯ ವಿಶ್ರಾಂತಿ ಪಡೆದರು.

ಸಂತ ಲೂಕನ ಶುಭಸಂದೇಶದಲ್ಲಿ ಹನ್ನೆರಡು ವರ್ಷದ ಯೇಸು ಜೆರುಸಲೇಮಿನ ದೇವಾಲಯದಲ್ಲೇ ಉಳಿದುಬಿಡುತ್ತಾರೆ. ಮೂರು ದಿನ ಹುಡುಕಿ ಬಳಲಿದ ಮರಿಯಮ್ಮನಿಗೂ ಜೋಸೆಫರಿಗೂ ಮಗನ ಉತ್ತರ ಅರ್ಥವಾಗುವುದಿಲ್ಲ. ಆದರೂ ಮಗ ಅವರೊಡನೆ ನಜರೇತಿಗೆ ಮರಳುತ್ತಾರೆ, ತಾಯಿ ಎಲ್ಲವನ್ನೂ ಮನದಲ್ಲಿಟ್ಟುಕೊಳ್ಳುತ್ತಾರೆ. ಮಗನ ಬೆಳವಣಿಗೆಗೆ ತಾಯಿಯ ಹೃದಯವೂ ಹಿಗ್ಗಬೇಕಾಯಿತು.

ತಂದೆತಾಯಿಗಳೇ, ಬಸ್ ಹೊರಟಾಗ ಅಳು ಬಂದರೆ ನಾಚಬೇಡಿ. ಆದರೆ ಆ ಕಣ್ಣೀರಿನಿಂದ ಮಕ್ಕಳನ್ನು ಕಟ್ಟಿಹಾಕಬೇಡಿ. ಯುವಜನರೇ, ಹೋಗಿಬನ್ನಿ. ಆ ರೊಟ್ಟಿಯ ಗಂಟನ್ನು ಬಿಚ್ಚಿದಾಗ, ಪಕ್ಕದಲ್ಲಿ ಕುಳಿತವರ ಜಾತಿ ಕೇಳದೆ ಒಂದು ರೊಟ್ಟಿಯನ್ನು ಅವರಿಗೂ ಕೊಡಿ. ನೀವು ಬೆಳೆದಿದ್ದೀರೆಂದು ನಿಮ್ಮ ತಾಯಿಗೆ ಅಷ್ಟರಿಂದಲೇ ತಿಳಿಯುತ್ತದೆ.